ಗರಗಸ ಮೊದಲೋ, ಆ್ಯಪಲ್ ಮೊದಲೋ

ಏಪ್ರಿಲ್-ಮೇ ಬಂತೆಂದರೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮೂರೂವರೆ ವರ್ಷದ ಮಗುವಿರುವ ಮನೆಯ ಮಾತೆಲ್ಲ ಎಲ್ಲೆಲ್ಲೋ ಸುತ್ತಿ ಅಡ್ಮಿಷನ್ನಿಗೇ ಬಂದು ನಿಲ್ಲುತ್ತದೆ. ಫೀಸು, ವ್ಯಾನು, ಯೂನಿಫಾರ್ಮು ಎಲ್ಲ ವಿಚಾರಿಸಿದ ಮೇಲೆ ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ನಿಮ್ಮಲ್ಲಿ ಫೋನಿಕ್ಸ್ ಇದೆಯಾ ಮೇಡಂ?’ ಇಲ್ಲ ಎನ್ನುವ ನರ್ಸರಿ ಸಿಗುವುದು ಕಷ್ಟ. ಯಾವ ಫೋನಿಕ್ಸ್, ಯಾವ ಕ್ರಮದಲ್ಲಿ, ಎಷ್ಟು ದಿನ ಎಂದು ಮುಂದಕ್ಕೆ ಕೇಳುವವರೂ ಕಡಿಮೆಯೇ. ಸೊಸೆ ಕರಪತ್ರ ಹಿಡಿದು ವಿವರಿಸಲು ಹೊರಟರೆ ಅತ್ತೆಯ ತಕರಾರು ಬೇರೆ: ‘ನಾವೆಲ್ಲ ಎಬಿಸಿಡಿ ಕಲ್ತು ಓದ್ಲಿಲ್ಲೇನು? ಇದೇನದು ಹೊಸಾದು?’

ಅತ್ತೆಯ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕನ್ನಡದಲ್ಲಿ ‘ಗ’ ಎಂಬ ಅಕ್ಷರದ ಹೆಸರೂ ಗ, ಉಚ್ಚಾರವೂ ಗ. ಇಂಗ್ಲಿಷಿನ ಲೆಕ್ಕ ಬೇರೆ. ಎಚ್ ಎಂಬ ಹೆಸರಿನಲ್ಲಿ ‘ಹ’ ಎಲ್ಲಿಯೂ ಕೇಳುವುದಿಲ್ಲ. ಡಬ್ಲ್ಯು ಶುರುವಾಗುವುದೇ ‘ಡ’ಕಾರದಿಂದ. ಸಿ-ಎ-ಟಿ ಎಂದು ಹೆಸರು ಹೇಳಿ ಕೂಡಿಸಿದರೆ ‘ಸಿಏಟೀ’ ಆದೀತೇ ಹೊರತು ‘ಕ್ಯಾಟ್’ ಆಗದು. ನಮ್ಮ ಹಿಂದಿನ ತಲೆಮಾರು ಇಂಗ್ಲಿಷ್ ಓದಿದ್ದು ಬಹುಮಟ್ಟಿಗೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿ. 26 ಅಕ್ಷರಗಳಿಗೆ ಸುಮಾರು 44 ಧ್ವನಿಗಳಿರುವ ಭಾಷೆಯಲ್ಲಿ ಹೆಸರನ್ನು ಬದಿಗಿಟ್ಟು ಧ್ವನಿಯನ್ನೇ ಮೊದಲು ಕಲಿಸಿ, ಕೂಡಿಸಿ ಓದಿಸುವ ಕ್ರಮವೇ ಫೋನಿಕ್ಸ್.

ವಿಚಾರ ಹೊಸದೇನಲ್ಲ. ಅಮೆರಿಕದಲ್ಲಿ ರುಡಾಲ್ಫ್ ಫ್ಲೆಶ್ 1955ರಲ್ಲೇ ಇಡೀ ಪದವನ್ನು ಚಿತ್ರದಂತೆ ನೋಡಿ ನೆನಪಿಡಿಸುವ ಪಾಠಕ್ರಮವನ್ನು ಜಾಡಿಸಿ ಪುಸ್ತಕ ಬರೆದಿದ್ದರು. ಆದರೆ ನಮ್ಮ ಊರುಗಳವರೆಗೆ ಬಂದ ಫೋನಿಕ್ಸಿನ ಬೇರು ಹುಡುಕಿದರೆ ಸಿಗುವುದು ಇಂಗ್ಲೆಂಡಿನ ಪೂರ್ವ ಕರಾವಳಿಯ ಲೋಸ್ಟಾಫ್ಟ್ ಎಂಬ ಊರಿನ ಒಂದು ಪ್ರಾಥಮಿಕ ಶಾಲೆ, ವುಡ್ಸ್ ಲೋಕ್. ಅಲ್ಲಿನ ಶಿಕ್ಷಕಿ ಸೂ ಲಾಯ್ಡ್ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಮೊದಲು ಧ್ವನಿ ಕಲಿಸಿ, ಆಮೇಲೆ ಕೂಡಿಸಿ ಓದಿಸುವ ರೂಢಿ ಹಾಕಿದರು. ಸಹಶಿಕ್ಷಕಿ ಸಾರಾ ವರ್ನಮ್ ಜೊತೆಗೂಡಿದರು. ಕ್ರಿಸ್ ಜಾಲಿ ಎಂಬ ಪ್ರಕಾಶಕರು 1992ರಲ್ಲಿ ಅದನ್ನು ಶಿಕ್ಷಕರ ಕೈಪಿಡಿಯಾಗಿ ತಂದರು. ಆ ಪದ್ಧತಿಯ ಹೆಸರು ಜಾಲಿ ಫೋನಿಕ್ಸ್. ಹಾಗೆಂದರೆ ಖುಷಿಯ ಫೋನಿಕ್ಸ್ ಎಂದುಕೊಂಡವರೇ ಹೆಚ್ಚು. ಅದು ಪ್ರಕಾಶಕರ ಮನೆತನದ ಹೆಸರೂ ಹೌದು.

ಈ ಪದ್ಧತಿಯಲ್ಲಿ 42 ಮುಖ್ಯ ಧ್ವನಿಗಳು, ಆರಾರರ ಏಳು ಗುಂಪು. ಮೊದಲ ಗುಂಪು ಎ, ಬಿ, ಸಿ ಅಲ್ಲ. ಎಸ್, ಎ, ಟಿ, ಐ, ಪಿ, ಎನ್. ಈ ಆರರಲ್ಲೇ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್, ಟಿಪ್, ಸ್ನಿಪ್ ಎಲ್ಲ ಹುಟ್ಟುತ್ತವೆ. ಮಗು ಆರನೇ ಅಕ್ಷರಕ್ಕೇ ಓದುಗನಾಗಿಬಿಡುತ್ತದೆ. ಒಂದೊಂದು ಧ್ವನಿಗೂ ಒಂದೊಂದು ಅಭಿನಯ. ‘ಸ್’ ಎಂದರೆ ಹಾವಿನಂತೆ ಕೈ ಬಳುಕಿಸುವುದು, ‘ಆ್ಯ’ ಎಂದರೆ ತೋಳಿನ ಮೇಲೆ ಇರುವೆ ಹತ್ತಿದಂತೆ ಬೆರಳಾಡಿಸುವುದು, ‘ಪ್’ ಎಂದರೆ ಮೇಣದಬತ್ತಿ ಊದುವುದು. ‘ಟ್’ಗೆ ಟೆನಿಸ್ ಪಂದ್ಯ ನೋಡುವವರಂತೆ ಕತ್ತು ಅತ್ತ ಇತ್ತ ಹೊರಳಿಸಬೇಕು. ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟ ಕಾಣದ ಮಗುವೂ ಇಲ್ಲಿ ಚೆನ್ನಾಗಿಯೇ ಕತ್ತು ಹೊರಳಿಸುತ್ತದೆ. ಯಾಕೆಂದು ಅದು ಕೇಳುವುದಿಲ್ಲ, ಹೇಳಬೇಕೆಂದು ಯಾರಿಗೂ ಅನಿಸುವುದೂ ಇಲ್ಲ.

ಸ್ಕಾಟ್ಲೆಂಡಿನ ಕ್ಲಾಕ್‌ಮನನ್‌ಶೈರಿನಲ್ಲಿ ಹೀಗೆ ಧ್ವನಿ ಕೂಡಿಸಿ ಓದಲು ಕಲಿತ ಸುಮಾರು 300 ಮಕ್ಕಳನ್ನು ಏಳು ವರ್ಷ ಹಿಂಬಾಲಿಸಿದ ಅಧ್ಯಯನದ ವರದಿ 2005ರಲ್ಲಿ ಹೊರಬಂತು. ಮರುವರ್ಷ ಓದು ಕಲಿಸುವ ಬಗೆ ಕುರಿತ ಜಿಮ್ ರೋಸ್ ವರದಿ ಬಂದು, ಧ್ವನಿ ಕೂಡಿಸಿ ಓದಿಸುವುದು ಇಂಗ್ಲೆಂಡಿನ ಶಾಲೆಗಳ ಅಧಿಕೃತ ದಾರಿಯಾಯಿತು. 2012ರಿಂದ ಅಲ್ಲಿ ಒಂದನೇ ತರಗತಿಯ ಮಕ್ಕಳಿಗೆ 40 ಪದಗಳ ಪರೀಕ್ಷೆಯೂ ಇದೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಕಂಡು ಗೊತ್ತಿರುವ ಪದವನ್ನು ನೆನಪಿನಿಂದಲೂ ಒಪ್ಪಿಸಬಹುದು. ಹಿಂದೆಂದೂ ಕಾಣದ ಪದವನ್ನು ಓದಬೇಕಾದರೆ ಧ್ವನಿ ಕೂಡಿಸಲೇಬೇಕು, ಅದಕ್ಕೇ ಈ ಉಪಾಯ.

ಇತ್ತ ಕನ್ನಡದ ಕಥೆಗೆ ಬಂದರೆ, ಧ್ವನಿಯ ಲೆಕ್ಕಾಚಾರ ನಮ್ಮಲ್ಲಿ ಮೊದಲಿನಿಂದಲೂ ಇದೆ. ಕ ಖ ಗ ಘ ಙ ಗಂಟಲ ಬಳಿ ಹುಟ್ಟಿದರೆ, ಪ ಫ ಬ ಭ ಮ ತುಟಿಗೆ ಬಂದು ಮುಗಿಯುತ್ತದೆ. ಬಾಯೊಳಗಿನ ದಾರಿಯನ್ನೇ ವರ್ಣಮಾಲೆಯ ಸಾಲಾಗಿಸಿದ್ದು ವ್ಯಾಕರಣಕಾರರ ಜಾಣತನ. ಆದರೆ ವ್ಯಾಕರಣಕ್ಕೆ ಒಪ್ಪುವ ಸಾಲು ಐದು ವರ್ಷದ ಮಗುವಿಗೂ ಒಪ್ಪಬೇಕೆಂದಿಲ್ಲ. ಮರಳಿನ ಮೇಲೆ ಓನಾಮ ತಿದ್ದಿದ ಕೂಲಿಮಠದ ಕಾಲದಿಂದ ಮೊನ್ನೆ ಮೊನ್ನೆಯವರೆಗೆ ಮಕ್ಕಳು ಋ, ಙ, ಞಗಳನ್ನು ದಾಟಿಯೇ ಮುಂದೆ ಹೋಗಬೇಕಿತ್ತು. 49 ಅಕ್ಷರ ಮುಗಿದ ಮೇಲೆ ಕಾಗುಣಿತ. 34 ವ್ಯಂಜನಕ್ಕೆ ಹದಿನೈದರಂತೆ ಹಿಡಿದರೆ 510 ರೂಪ. ಒತ್ತಕ್ಷರದ ಲೆಕ್ಕ ಬೇರೆ. ಇಷ್ಟಾದ ಮೇಲೆ ಓದು.

ಆ ಸಾಲನ್ನು ಮುರಿದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರ ಒಂದು ಸಣ್ಣ ತಂಡ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂತು. ಯುನಿಸೆಫ್ ನೆರವಿನಲ್ಲಿ ಶುರುವಾದ ಆ ಪ್ರಯೋಗವೇ ನಲಿ-ಕಲಿ. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಎಲ್ಲ ಸರ್ಕಾರಿ ಶಾಲೆಗಳಿಗೂ ಬಂತು. ದಾವಣಗೆರೆ, ಹರಿಹರಗಳಲ್ಲಿಯೂ ಕೆಳತರಗತಿಗಳ ಕೋಣೆ ಬದಲಾಯಿತು. ಮೇಲೆ ಹಗ್ಗ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳ ಚಿತ್ರ. ಮಗುವಿನ ಕೈಗೆಟುಕುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಕಪ್ಪು ಪಟ್ಟಿ. ನೆಲದ ಮೇಲೆ ಗುಂಪು ಗುಂಪಾಗಿ ಕೂತ ಒಂದು, ಎರಡು, ಮೂರನೇ ತರಗತಿಯ ಮಕ್ಕಳು. ಯಾರು ಎಲ್ಲಿಗೆ ಮುಟ್ಟಿದ್ದಾರೆ ಎಂದು ತೋರಿಸಲು ಕಲಿಕಾ ಏಣಿ.

ಅಲ್ಲಿ ಮೊದಲು ಕಲಿಸುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ. ಐದು ಅಕ್ಷರಕ್ಕೆ ಸರ, ರಸ, ದರ, ಅರಸ, ಅಗಸ, ಗರಗಸ. ಬರೆಯುವ ಕೈಗೂ ಇವು ಒಂದೇ ಬಳಗದ ದುಂಡು ಅಕ್ಷರಗಳು. ಮುಂದಿನ ಗುಂಪು ಜ, ವ, ಮ, ಬ, ನ. ಅಲ್ಲಿಗೆ ಮರ, ದನ, ಜನ, ನಗರ, ಅವಸರ, ಬಸವ. ಕಾಗುಣಿತದ ಒಂದು ಚಿಹ್ನೆಯೂ ಇಲ್ಲದೆ ಇಷ್ಟು! ಎಸ್-ಎ-ಟಿ-ಐ-ಪಿ-ಎನ್‌ ಹಿಂದಿರುವುದೂ ಇದೇ ತರ್ಕ: ಕಡಿಮೆ ಅಕ್ಷರ, ಕೂಡಲೇ ಪದ. ಲೋಸ್ಟಾಫ್ಟ್‌ನ ಶಿಕ್ಷಕಿಯರೂ ಕೋಟೆಯ ಮೇಷ್ಟ್ರುಗಳೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಮುಟ್ಟಿದ್ದಾರೆ. ಬಡಾವಣೆಯ ತಂದೆ-ತಾಯಿ ದುಡ್ಡು ಕೊಟ್ಟು ಹುಡುಕುವ ವಿಧಾನದ ಕನ್ನಡ ರೂಪ ಪಕ್ಕದ ಸರ್ಕಾರಿ ಶಾಲೆಯಲ್ಲಿ ಪುಕ್ಕಟೆ ನಡೆಯುತ್ತಿದೆ ಎಂಬುದನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಹಾಗೆಂದು ನಲಿ-ಕಲಿಗೆ ಪೂರ್ಣ ಅಂಕ ಕೊಡುವಂತಿಲ್ಲ. ಕನ್ನಡ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಅಕ್ಷರಗಳೆಲ್ಲ ಕೈವಶವಾಗಲು ನಮ್ಮ ಮಕ್ಕಳಿಗೆ ಮೂರು-ನಾಲ್ಕನೇ ತರಗತಿಯೇ ಆಗುತ್ತದೆ. ಆಮೇಲೆ ಯಾದಗಿರಿಯಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ನಡೆಸಿದ ದೀರ್ಘ ಅಧ್ಯಯನವೂ ಲಿಪಿ ಕಲಿಕೆಗೆ ಸಿಕ್ಕಷ್ಟು ಜಾಗ ಕಥೆಗೆ, ಅರ್ಥಕ್ಕೆ, ಮಕ್ಕಳ ಮಾತಿಗೆ ಸಿಗುತ್ತಿಲ್ಲ ಎಂದಿತು. ಇಂಗ್ಲಿಷ್ ಫೋನಿಕ್ಸಿಗೂ ಈ ಆಕ್ಷೇಪ ಹೊಂದುತ್ತದೆ. ‘ನ್ಯಾಪ್’ ಎಂದು ಸರಾಗ ಓದಿದ ಮಗುವಿಗೆ ಅದು ಕಿರುನಿದ್ದೆ ಎಂದು ಗೊತ್ತಿಲ್ಲದಿದ್ದರೆ ಅದೂ ಅರ್ಥವಿಲ್ಲದ ಪದವೇ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗಾಗಿ ಮಾಡಿದ ಪದ್ಧತಿ ಇದಲ್ಲ.

ಇನ್ನೊಂದು ತೊಡಕು ನಮ್ಮದೇ. ಕನ್ನಡದ ವ್ಯಂಜನವನ್ನು ‘ಅ’ ಸೇರಿಸಿ ಹೇಳಿಯೇ ನಮಗೆ ಅಭ್ಯಾಸ. ಟೀಚರ್ ‘ಬ-ಆ್ಯ-ಟ’ ಎಂದು ಹೇಳಿಕೊಟ್ಟರೆ ಮಗು ಎಷ್ಟು ಕೂಡಿಸಿದರೂ ಬ್ಯಾಟ್ ಆಗುವುದಿಲ್ಲ. ‘ಬ್-ಆ್ಯ-ಟ್’ ಎಂದು ತುಂಡರಿಸಿ ಹೇಳಬೇಕು. ಅರ್ಧಾಕ್ಷರ ಬರೆದು ತೋರಿಸುವ ಸೌಕರ್ಯ ಕನ್ನಡ ಲಿಪಿಗೆ ಇದೆ; ಕನ್ನಡ ಬಲ್ಲ ತಾಯಿ ಅಡುಗೆಮನೆಯ ಕ್ಯಾಲೆಂಡರ್ ಹಿಂದೆಯೇ ಇದನ್ನು ಬರೆದು ತೋರಿಸಬಹುದು. ಶಾಲೆ ನೋಡಲು ಹೋದಾಗ ಗೋಡೆಯ ಬಣ್ಣಬಣ್ಣದ ಚಾರ್ಟಿಗಿಂತ ಟೀಚರ್ ಬಾಯಲ್ಲಿ ಈ ‘ಟ್’ ಹೇಗೆ ಬರುತ್ತದೆಂದು ಕಿವಿಗೊಡುವುದು ಒಳ್ಳೆಯದು. ‘ಎ ಫಾರ್ ಆ್ಯಪಲ್’ನಿಂದ ‘ಝಡ್ ಫಾರ್ ಝೀಬ್ರಾ’ದವರೆಗೆ ಚಿತ್ರ ತೋರಿಸಿ ಫೋನಿಕ್ಸ್ ಎಂದು ಹೆಸರಿಟ್ಟ ಪುಸ್ತಕ ಕೈಗಿಟ್ಟರೆ ಅಲ್ಲಿಂದ ಎದ್ದು ಬರಬಹುದು. ಮೊದಲ ತಿಂಗಳ ಕೊನೆಗೆ ಮಗು ಯಾವ ಪದ ಓದುತ್ತದೆ, ಎಸ್‌ಎಚ್, ಟಿಎಚ್‌ನಂಥ ಜೋಡಿಗಳನ್ನು ಕಲಿಸುತ್ತೀರಾ, ಅಥವಾ ಮೂರಕ್ಷರದ ಪದಕ್ಕೇ ನಿಲ್ಲಿಸುತ್ತೀರಾ ಎಂದು ಕೇಳಿದರೆ ಉಳಿದದ್ದೂ ಗೊತ್ತಾಗುತ್ತದೆ. ಕೋರ್ಸು ಮುಗಿಸಿದ ಮಗುವಿನ ಎದುರು ಅದು ಹಿಂದೆಂದೂ ಕಾಣದ ‘ನಿಪ್’, ‘ಸ್ಯಾನ್’ ಎಂಬಂಥ ಪದ ಬರೆದಿಟ್ಟು ನೋಡುವುದಕ್ಕಂತೂ ಯಾವ ಸರ್ಟಿಫಿಕೇಟೂ ಬೇಡ.

ಓದಲು ಬಂದ ಮೇಲೆ ಓದಲಿಕ್ಕೇನು ಎಂಬ ಪ್ರಶ್ನೆ ಉಳಿಯುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಕಥೆಗಳನ್ನು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿಟ್ಟಿದ್ದಾರೆ. ಕನ್ನಡದವೂ ಇವೆ, ಇಂಗ್ಲಿಷಿನವೂ ಇವೆ, ಒಂದೇ ಕಥೆ ಎರಡರಲ್ಲೂ ಇರುವುದುಂಟು. ಮೊದಲ ಹಂತದವು ತೀರ ಚಿಕ್ಕವು, ಚಿತ್ರವೇ ಹೆಚ್ಚು. ಫೋನಿನಲ್ಲೇ ತೆರೆದು ಮಗುವಿನ ಪಕ್ಕ ಕೂತು ಓದಬಹುದು, ದುಡ್ಡಿಲ್ಲ.