ನಿಮಗಿದು ಗೊತ್ತೇ? ಫೋನಿನೊಳಗೊಂದು ಶೆಟಗೇರಿ

● ಅಂಕೋಲಾ ತಾಲೂಕಿನ ‘ಶೆಟಗೇರಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ: ನಾಲ್ಕು ವ್ಯಂಜನ, ಮೂರು ಸ್ವರಚಿಹ್ನೆ. ಯುಟಿಎಫ್-8ರಲ್ಲಿ ಉಳಿಸಿದರೆ 21 ಬೈಟ್. ಊರಿನ ಹೆಸರಿಗೆ 20 ಬೈಟ್ ಸಾಕೆಂದು ಕಟ್ಟಿದ ಅರ್ಜಿಯಲ್ಲಿ ಈ ಪುಟ್ಟ ಊರಿಗೂ ಜಾಗ ಸಾಲದು!

● ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ. ಕನ್ನಡದ್ದಾದರೆ 70 ಸಂಕೇತ ಮಾತ್ರ. ನಡುವೆ ಜಾಗ ಬಿಡದೆ ‘ಶೆಟಗೇರಿ’ ಎಂದು ಹತ್ತು ಸಲ ಬರೆದರೆ ಮುಗಿಯಿತು.

● ‘ಕಾರವಾರಕ್ಕೆ ಟಿಕೆಟ್’ ಸರಿ. ಆದರೆ ಎಲ್ಲ ಊರಿಗೂ ‘ಕ್ಕೆ’ ಅಂಟಿಸುವ ತಂತ್ರಾಂಶ ‘ಶೆಟಗೇರಿಕ್ಕೆ ಟಿಕೆಟ್’ ಎಂದುಬಿಡುತ್ತದೆ. ಶಾಲೆಯ ಮಕ್ಕಳೂ ನಕ್ಕಾರು. ಅಕಾರಾಂತಕ್ಕೆ ‘ಕ್ಕೆ’, ಇಕಾರಾಂತಕ್ಕೆ ‘ಗೆ’ ಎಂಬುದು ನಮಗೆ ಬಾಯಿಗೇ ಬರುವ ವ್ಯಾಕರಣ, ಯಂತ್ರಕ್ಕೆ ಹೇಳಿಕೊಡಬೇಕು. ಜಾಣ ವಿನ್ಯಾಸಕರು ವಿಭಕ್ತಿಯ ಗೋಜಿಗೇ ಹೋಗದೆ ‘ಎಲ್ಲಿಗೆ: ಶೆಟಗೇರಿ’ ಎಂದು ಬರೆದು ಪಾರಾಗುತ್ತಾರೆ.

● ‘ಟ’ಕ್ಕೆ ಒಂದು ಒತ್ತು, ಒಂದು ಗುಡಿಸು ಕೊಟ್ಟರೆ ಶೆಟ್ಟಿಗೇರಿ. ಅದು ಇರುವುದು ಕೊಡಗಿನಲ್ಲಿ! ಹುಡುಕುವವರ ಕಾಗುಣಿತವನ್ನು ತಾನೇ ತಿದ್ದುವ ಬದಲು ‘ಯಾವ ತಾಲೂಕು?’ ಎಂದು ಕೇಳುವ ಪರದೆಯೇ ಮೇಲು.

● ಪರದೆಯ ಮೇಲೆ ಇಂಗ್ಲಿಷಿನ ಅಳತೆಗೆ ಹೊಲಿದ ಗುಂಡಿಯಲ್ಲಿ ‘ಒಪ್ಪಿಗೆ’ ಎಂದು ಕೂರಿಸಿ ನೋಡಿ. ಕೆಳಗಿಳಿದ ಒತ್ತು ಕತ್ತರಿಸಿಹೋದರೆ ಉಳಿಯುವುದು ‘ಒಪಿಗೆ’. ಕನ್ನಡಕ್ಕೆ ಅಗಲದಷ್ಟೇ ಎತ್ತರವೂ ಬೇಕು.

● ಅಂಕೋಲಾ ಕರಾವಳಿಯ ಇನ್ನೊಂದು ಮಾತು ಕೊಂಕಣಿಗೆ ಐದು ಲಿಪಿ: ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಅರಬ್ಬಿ. ಹಾಗಾಗಿ ಭಾಷೆಯ ಆಯ್ಕೆ ಬೇರೆ, ಲಿಪಿಯ ಆಯ್ಕೆ ಬೇರೆ. 2015ರಲ್ಲಿ ಶುರುವಾದ ಕೊಂಕಣಿ ವಿಕಿಪೀಡಿಯದಲ್ಲಿ ಕನ್ನಡ ಲಿಪಿಯ ಲೇಖನಗಳೂ ಇವೆ.

● ಕೊಂಕಣಿಯ, ಹವ್ಯಕ ಕನ್ನಡದ ಮೂಗಿನ ದನಿಯನ್ನು ತೋರಿಸಲು ಅಕ್ಷರದ ಬಲಮೇಲೆ ಒಂದು ಪುಟ್ಟ ಸೊನ್ನೆ ಇಡುವುದುಂಟು. ಅದಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2022ರಲ್ಲಿ, 15ನೇ ಆವೃತ್ತಿಯಲ್ಲಿ. ಹಳೆಯ ಫೋನಿನಲ್ಲಿ ಅದರ ಬದಲು ಖಾಲಿ ಚೌಕ ಕಂಡರೆ ಬೆರಗಾಗಬೇಡಿ.

● ಭಾಷೆಗಳ ಪಟ್ಟಿ ಹೇಗಿರಬೇಕು? ಜೇಬಿನ ನೋಟು ತೆಗೆದು ಹಿಂಬದಿ ನೋಡಿ. ಪಟ್ಟಿಯ 15 ಭಾಷೆಗಳಲ್ಲಿ ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು, ನಡುವೆ ಕಾಶ್ಮೀರಿ. ಪ್ರತಿಯೊಂದೂ ತಾನು ಬಳಸುವ ಲಿಪಿಯಲ್ಲೇ ಇದೆ. ಎಷ್ಟೋ ಆ್ಯಪ್‌ಗಳಲ್ಲಾದರೋ ಕನ್ನಡವನ್ನು ಆರಿಸಿಕೊಳ್ಳಲು ಮೊದಲು ಇಂಗ್ಲಿಷ್ ಓದಲು ಬರಬೇಕು!