ಲೆನ್ಸ್ ಒರೆಸಿದರೆ ಹಾಡು ಇಂಪಾದೀತೆ?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಕಾಲ ಬಂತೆಂದರೆ ಬ್ಯಾರನ್‌ಗಳ ಚಿಮಣಿ ಹಗಲಿರುಳೂ ಹೊಗೆಯಾಡುತ್ತದೆ. ಕೆ.ಆರ್. ನಗರದ ಬಯಲಿನಲ್ಲಿ ಭತ್ತದ ಒಕ್ಕಣೆ ಶುರುವಾದರೆ ಗಾಳಿಯಲ್ಲೆಲ್ಲ ಹೊಟ್ಟಿನ ದೂಳು. ಎಚ್.ಡಿ. ಕೋಟೆಯ ಕಾಡಂಚಿನ ಮನೆಗಳಲ್ಲಿ ಮಳೆಗಾಲದ ತೇವ ಬೇಗ ಆರುವುದಿಲ್ಲ. ಹೊಗೆ, ದೂಳು, ತೇವ ಈ ಮೂರೂ ಷೋಕೇಸಿನಲ್ಲಿ ಕೂತ ಹಳೆಯ ಸಿ.ಡಿ. ಪ್ಲೇಯರನ್ನು ಸುಮ್ಮನೆ ಬಿಡುವುದಿಲ್ಲ. ಮದುವೆಯ ದಿನ ಹೆಂಗಸರು ಹೇಳಿದ ಸೋಬಾನೆ, ಈಗಿಲ್ಲದ ಅಜ್ಜಿಯ ದನಿ ತುಂಬಿಟ್ಟ ತಟ್ಟೆ ಹಾಕಿದರೆ ಯಂತ್ರ ತಡವರಿಸುತ್ತದೆ.

‘ಒಮ್ಮೆ ಸರ್ವಿಸ್ ಮಾಡಿಸಿ, ದನಿ ಮೊದಲಿಗಿಂತ ಚೆನ್ನಾಗಿ ಬರುತ್ತೆ’ ಎನ್ನುವವರು ಬಹಳ. ಈ ಮಾತಿನಲ್ಲಿ ಅರ್ಧ ನಿಜ, ಅರ್ಧ ನಂಬಿಕೆ. ಸರ್ವಿಸಿನಿಂದ ಕಳೆದುಹೋದದ್ದು ಮರಳಿ ಬರಬಹುದು. ಮೊದಲೇ ಇಲ್ಲದ್ದು ಬರುವುದಿಲ್ಲ.

ಕ್ಯಾಸೆಟ್ ಕಲಿಸಿದ ಪಾಠ

ಈ ನಂಬಿಕೆ ಟೇಪ್‌ರೆಕಾರ್ಡರ್ ಕಾಲದ್ದು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹೆಡ್ ಒರೆಸಿದರೆ ಮಂಕಾಗಿದ್ದ ಹಾಡು ಥಟ್ಟನೆ ಬೆಳಗುತ್ತಿತ್ತು. ಅದು ಭ್ರಮೆಯೇನಲ್ಲ. ಟೇಪಿನ ಪುಡಿ ಹೆಡ್ಡಿಗೆ ಅಂಟಿದರೆ ತಾಳ, ಗೆಜ್ಜೆಯಂಥ ಹರಿತವಾದ ದನಿಗಳು ಮೊದಲು ಮಾಯವಾಗುತ್ತಿದ್ದವು. ಕೊಳೆ ಎಷ್ಟೋ ನಷ್ಟ ಅಷ್ಟು.

ಸಿ.ಡಿ.ಯ ಲೆಕ್ಕವೇ ಬೇರೆ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ರೂಪಿಸಿದ, 1982ರಲ್ಲಿ ಮಾರುಕಟ್ಟೆಗೆ ಬಂದ ಈ ತಟ್ಟೆಯಲ್ಲಿ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಎಡ, ಬಲ ಒಂದೊಂದು ಬದಿಗೂ ಸೆಕೆಂಡಿಗೆ 44,100 ಅಳತೆಗಳು! ಅವು ಸುರುಳಿಯಾಕಾರದ ಸಾಲಿನಲ್ಲಿ ಸೂಕ್ಷ್ಮ ಗುರುತುಗಳಾಗಿ ಕೂತಿರುತ್ತವೆ. ಸಾಲಿನಿಂದ ಸಾಲಿಗೆ ಇರುವ ಅಂತರ ಕೇವಲ 1.6 ಮೈಕ್ರಾನ್, ತಲೆಗೂದಲೊಂದರ ದಪ್ಪದಲ್ಲಿ ಸುಮಾರು ನಲವತ್ತು ಸಾಲು ಹಿಡಿಸುತ್ತವೆ. ಕಣ್ಣಿಗೆ ಕಾಣದ ಲೇಸರ್ ಕಿರಣ ಪುಟ್ಟ ಲೆನ್ಸಿನ ಮೂಲಕ ಹಾದು ಇವನ್ನು ಓದುತ್ತದೆ.

ಓದುವಾಗ ತಪ್ಪಾಗುವುದು ಸಹಜವೆಂದು ತಿಳಿದೇ ತಪ್ಪು ತಿದ್ದುವ ಏರ್ಪಾಟನ್ನೂ ಮಾಡಲಾಗಿದೆ. ಸಾಲಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನಷ್ಟು ಅಳಿಸಿಹೋಗಿದ್ದರೂ ಯಂತ್ರ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಮೂಲವನ್ನು ಹಾಗೇ ಕಟ್ಟಿಕೊಡುತ್ತದೆ. ಆದ್ದರಿಂದ ಲೆನ್ಸಿನ ಮೇಲೆ ತುಸು ದೂಳು ಕೂತರೂ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಕೊಳೆ ಹೆಚ್ಚಾದಾಗ ಅದು ಅಕ್ಕಪಕ್ಕದ ಅಳತೆ ನೋಡಿ ನಡುವಿನದನ್ನು ಊಹಿಸತೊಡಗುತ್ತದೆ. ಅದೂ ಸಾಧ್ಯವಾಗದಿದ್ದರೆ ಹಾಡು ತೊದಲುತ್ತದೆ, ಹಾರುತ್ತದೆ, ಕೊನೆಗೆ ತಟ್ಟೆಯೇ ಇಲ್ಲವೆಂದು ಯಂತ್ರ ಹಟ ಹಿಡಿಯುತ್ತದೆ. ಇಂಥ ಸ್ಥಿತಿಯಲ್ಲಿ ಲೆನ್ಸ್ ಒರೆಸಿದರೆ ಫಲ ಉಂಟು. ಸರಾಗವಾಗಿ ಓದುತ್ತಿರುವ ಯಂತ್ರವನ್ನು ಒರೆಸಿದರೆ ಹಾಡು ಇನ್ನಷ್ಟು ಇಂಪಾಗದು.

ರೋಗ ಎಲ್ಲಿದೆ?

ದನಿಯೇ ಕೆಟ್ಟಿದ್ದರೆ ಹುಡುಕಬೇಕಾದ ಜಾಗ ಬೇರೆ. ಅಂಕಿಗಳು ವಿದ್ಯುತ್ ಅಲೆಯಾಗಿ ಬದಲಾದ ಮೇಲಿನ ಹಾದಿ ಅದು. ತೇವಕ್ಕೆ ಕಿಲುಬು ಹಿಡಿದ ಪಿನ್ನಿನಿಂದ ಕರಕರ ಸದ್ದು ಬರುತ್ತದೆ, ಇಲ್ಲವೇ ಒಂದು ಸ್ಪೀಕರು ಮೂಕವಾಗುತ್ತದೆ. ವರ್ಷಗಳು ಉರುಳಿದಂತೆ ಕೆಪಾಸಿಟರುಗಳು ಒಣಗಿ ಗುಂಯ್‌ಗುಡುವುದುಂಟು. ಪಿನ್ ಉಜ್ಜಿ, ಕೆಪಾಸಿಟರ್ ಬದಲಿಸಿದರೆ ಆಗುವ ವ್ಯತ್ಯಾಸ ಕಿವಿಗೆ ನಿಜವಾಗಿಯೂ ಕೇಳುತ್ತದೆ.

ಮೊದಲ ಹಾಡುಗಳು ಸರಾಗವಾಗಿ ಬಂದು ಕೊನೆಯವು ತೊದಲಿದರೆ ಲೆನ್ಸ್ ಚಲಿಸುವ ಹಳಿಯ ಗ್ರೀಸ್ ಗಟ್ಟಿಯಾಗಿದೆಯೇ ನೋಡಬೇಕು. ತಟ್ಟೆ ಇಡುವ ಟ್ರೇ ತೆರೆಯದಿದ್ದರೆ ಬೆಲ್ಟ್ ಸಡಿಲವಾಗಿರಬಹುದು. ಕಂಪನಿಯ ತಟ್ಟೆ ನಡೆದು ಮನೆಯಲ್ಲಿ ಬರೆಸಿದ್ದು ಮಾತ್ರ ನಡೆಯದಿದ್ದರೆ ಲೆನ್ಸ್ ಮಂಕಾಗಿರಬಹುದು, ಲೇಸರ್ ಸೊರಗಿರಬಹುದು ಅಥವಾ ಆ ತಟ್ಟೆಯೇ ಹಾಳಾಗಿರಬಹುದು. ಅದೇ ತಟ್ಟೆಯನ್ನು ಬೇರೆ ಯಂತ್ರದಲ್ಲಿ ಹಾಕಿ ನೋಡಿದರೆ ತಪ್ಪು ಯಾರದೆಂದು ತಿಳಿಯುತ್ತದೆ. ಸೊರಗಿದ ಲೇಸರನ್ನು ಒರೆಸಿ ಫಲವಿಲ್ಲ. ಕೆಲವರು ಒಳಗಿನ ಸ್ಕ್ರೂ ತಿರುಗಿಸಿ ಅದಕ್ಕೆ ಹೆಚ್ಚು ವಿದ್ಯುತ್ ಉಣಿಸುತ್ತಾರೆ. ಆರುವ ದೀಪದ ಬತ್ತಿ ಎಳೆದಂತೆ, ನಾಲ್ಕು ದಿನದ ಬೆಳಕು ಅಷ್ಟೆ.

ಒರೆಸುವ ರೀತಿ

ಮೊದಲು ಪ್ಲಗ್ ಕೀಳಬೇಕು. ಮುಚ್ಚಳ ತೆಗೆದ ಯಂತ್ರವನ್ನು ಚಾಲೂ ಮಾಡಿ ಲೆನ್ಸಿನತ್ತ ಬಗ್ಗಿ ನೋಡಬಾರದು. ಕಾಣದ ಆ ಕಿರಣ ಕಣ್ಣಿಗೆ ಅಪಾಯ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಇಯರ್ ಬಡ್‌ಗೆ ತುಸು ತಾಕಿಸಿ, ಹೂವು ಮುಟ್ಟಿದಷ್ಟು ಹಗುರವಾಗಿ ಒರೆಸಿದರೆ ಸಾಕು. ಲೆನ್ಸ್ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಪೆಟ್ರೋಲು, ಥಿನ್ನರ್ ಹತ್ತಿರ ಬರಕೂಡದು. ತಟ್ಟೆಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಿ ಸುತ್ತಿ ಅಲ್ಲ. ಅಡ್ಡ ಗೀರನ್ನು ಯಂತ್ರ ತಾಳಿಕೊಳ್ಳುತ್ತದೆ, ಸಾಲಿನ ಗುಂಟ ಬಿದ್ದ ಗೀರನ್ನಲ್ಲ. ಹೆಸರು ಬರೆದ ಬದಿಯೇ ಹೆಚ್ಚು ನಾಜೂಕು. ಹೊಳೆಯುವ ಪದರ ಅದರ ಅಡಿಯಲ್ಲೇ ಇರುತ್ತದೆ.

ಸರ್ವಿಸಿನ ನಿಜವಾದ ಲಾಭ ಇಂಪಿನದ್ದಲ್ಲ, ಸಮಯದ್ದು. ಮನೆಯಲ್ಲಿ ಬರೆಸಿದ ತಟ್ಟೆಯ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ ಮಾಸುತ್ತದೆ. ಒಮ್ಮೆ ಮಾಸಿದರೆ ಎಂಥ ಯಂತ್ರವೂ ಅದನ್ನು ಓದಲಾರದು. ಸರ್ವಿಸ್ ಆದ ಯಂತ್ರ ಸರಾಗವಾಗಿ ಓದುತ್ತಿರುವಾಗಲೇ ಅಜ್ಜಿಯ ಹಾಡನ್ನು ಕಂಪ್ಯೂಟರಿಗೊಂದು, ಪೆನ್‌ಡ್ರೈವಿಗೊಂದು ಪ್ರತಿ ಮಾಡಿಡುವುದು ಜಾಣತನ. ಯಂತ್ರ ಮತ್ತೊಂದು ಸಿಕ್ಕೀತು, ಆ ದನಿ ಸಿಗದು.