ಮರುಭೂಮಿಯಲ್ಲಿ ಚಳಿಗಾಲ: ಅಪ್ಪ-ಅಮ್ಮ ವ್ಯಾನ್ ತಗೊಳ್ತೀವಿ ಅಂದ್ರೆ?

ಇವತ್ತಿನ ಎಪಿಸೋಡ್ ನಿಮ್ಮ ಅಪ್ಪ-ಅಮ್ಮನ ಬಗ್ಗೆ, ಆದ್ರೆ ಕೇಳಬೇಕಾದವರು ನೀವು. ಯಾಕಂದ್ರೆ ಯೂಟ್ಯೂಬ್‌ನಲ್ಲಿ ಮೋಟಾರ್‌ಹೋಮ್ ವಿಡಿಯೊ ನೋಡಿ "ರಿಟೈರ್ ಆದ್ಮೇಲೆ ನಾವೂ ಒಂದು ವ್ಯಾನ್ ತಗೊಂಡು ರಾಜಸ್ಥಾನ, ಕಛ್ ಕಡೆ ಹೋಗಿ ಮೂರು ತಿಂಗಳು ಇದ್ದು ಬರೋಣ" ಅಂತ ಹೇಳೋರು ಅವರು. ಆಮೇಲೆ ಆರ್‌ಟಿಒ ವೆಬ್‌ಸೈಟ್, ಫಾಸ್ಟ್ಯಾಗ್, ಮ್ಯಾಪು ಅಂತ ಒದ್ದಾಡೋರು ನಾವು.

ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಈ ಆಸೆ ಎಲ್ಲಿಂದ ಬರುತ್ತೆ ಅಂತ ಊಹಿಸೋದು ಕಷ್ಟ ಅಲ್ಲ. ಬ್ಯಾಂಕಿನಲ್ಲೋ ಸರ್ಕಾರಿ ಕಾರ್ಖಾನೆಯಲ್ಲೋ ದುಡಿದು ರಿಟೈರ್ ಆದವರು. ಮಗನೋ ಮಗಳೋ ಅಮೆರಿಕದಲ್ಲಿ. ಮೊಮ್ಮಕ್ಕಳನ್ನು ನೋಡೋಕೆ ಅಂತ ಅಲ್ಲಿಗೆ ಹೋದಾಗ ಬಸ್ಸಿನಷ್ಟು ದೊಡ್ಡ ಗಾಡಿಯನ್ನು ತಮ್ಮದೇ ವಯಸ್ಸಿನ ಗಂಡ-ಹೆಂಡತಿ ಓಡಿಸೋದನ್ನ ಕಣ್ಣಾರೆ ನೋಡಿ ಬಂದಿರ್ತಾರೆ.

ಹಾಗಾಗಿ ಮೊದಲು ಅಲ್ಲಿನ ಕಥೆ. ಅರಿಜೋನ ರಾಜ್ಯದಲ್ಲಿ ಕ್ವಾರ್ಟ್ಸ್‌ಸೈಟ್ ಅಂತ ಒಂದು ಪುಟ್ಟ ಊರು. ಸುತ್ತ ಬರೀ ಮರುಭೂಮಿ. ಕೆನಡಾ ಮತ್ತು ಉತ್ತರ ಅಮೆರಿಕದ ಹಿಮ ತಪ್ಪಿಸಿಕೊಳ್ಳೋಕೆ ಚಳಿಗಾಲದಲ್ಲಿ ರಿಟೈರ್ ಆದವರು ಇಲ್ಲಿಗೆ ಗಾಡಿ ತಗೊಂಡು ಬರ್ತಾರೆ. ಅವರಿಗೆ 'ಸ್ನೋಬರ್ಡ್ಸ್' ಅಂತಲೇ ಹೆಸರು. ಅಲ್ಲಿನ ಸರ್ಕಾರಿ ಜಮೀನಿನ ಇಲಾಖೆ 1983ರಿಂದ ಇವರಿಗಾಗಿಯೇ ಜಾಗ ಗುರುತು ಮಾಡಿ ಕೊಟ್ಟಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರೋಕೆ ಎಷ್ಟೋ ವರ್ಷ ತಗೊಂಡಿದ್ದ ಶುಲ್ಕ 180 ಡಾಲರ್. ಅಲ್ಲೇ ನೀರು ತುಂಬಿಸ್ಕೋಬಹುದು, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡಬಹುದು, ಕಸ ಹಾಕಬಹುದು. 'ನೊಮ್ಯಾಡ್‌ಲ್ಯಾಂಡ್' ಸಿನಿಮಾ ನೋಡಿದ್ರೆ ಈ ಊರು ನಿಮಗೆ ಗೊತ್ತಿರುತ್ತೆ. 2021ರಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಆ ಸಿನಿಮಾ ತೋರಿಸೋ ಇನ್ನೊಂದು ಸತ್ಯಾನೂ ಹೇಳಿಬಿಡ್ತೀನಿ: ಅಲ್ಲಿ ಬರೋ ಎಲ್ಲರೂ ಮಜಾ ಮಾಡೋಕೆ ಬಂದವರಲ್ಲ. ಬಾಡಿಗೆ ಕಟ್ಟೋಕಾಗದೆ ವ್ಯಾನನ್ನೇ ಮನೆ ಮಾಡಿಕೊಂಡವರೂ ಇದ್ದಾರೆ.

ನಮ್ಮ ಲೆಕ್ಕ ಬೇರೆ. ಬೆಂಗಳೂರಿನ ಚಳಿಗೆ ಹೆದರಿ ಯಾರೂ ಊರು ಬಿಡಬೇಕಾಗಿಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮವರು ಮರುಭೂಮಿಗೆ ಚಳಿಗಾಲದಲ್ಲಿ ಹೋಗೋದು ಬೇರೆ ಕಾಲದಲ್ಲಿ ಅಲ್ಲಿರೋಕೆ ಆಗಲ್ಲ ಅನ್ನೋ ಕಾರಣಕ್ಕೆ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಮುಟ್ಟಿತ್ತು. ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಜೈಸಲ್ಮೇರ್ ಆಗಲಿ ಕಛ್ ಆಗಲಿ ಹಗಲು ಹಿತವಾಗಿರುತ್ತೆ.

ಅಸಲಿ ತೊಂದರೆ ಶುರುವಾಗೋದು ಗಾಡಿ ನಿಲ್ಲಿಸಿದಾಗ. ಓಡಿಸೋದು ಸುಲಭ. ಎನ್‌ಎಚ್ 48 ಹಿಡಿದ್ರೆ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್ ದಾಟಿ ಅಹಮದಾಬಾದ್‌ವರೆಗೂ ಅದೇ ಹೆದ್ದಾರಿ. ಅಲ್ಲಿಂದ ಭುಜ್. ಒಟ್ಟು ಹೆಚ್ಚುಕಮ್ಮಿ 1,800 ಕಿಲೋಮೀಟರ್. ದಿನಕ್ಕೆ 250 ಕಿಲೋಮೀಟರ್ ಅಂದ್ಕೊಂಡ್ರೂ ಎಂಟು ದಿನ ಸಾಕು. ಆದ್ರೆ ಹೋದ ಮೇಲೆ ತಿಂಗಳುಗಟ್ಟಲೆ ಗಾಡಿ ಹಾಕೋಕೆ ಕ್ವಾರ್ಟ್ಸ್‌ಸೈಟ್ ಥರ ಜಾಗ ನಮ್ಮಲ್ಲಿಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ಯೋಜನೆ ತಂದಿತು, ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಅದರ ಮಾತಿದೆ. ಇವೆಲ್ಲ ಎರಡು-ಮೂರು ದಿನದ ಟೂರಿಸ್ಟ್‌ಗಳ ಲೆಕ್ಕ. ಮೂರು ತಿಂಗಳು ಇರೋ ಅಜ್ಜ-ಅಜ್ಜಿಯ ಲೆಕ್ಕ ಯಾರೂ ಹಾಕಿದಂಗೆ ಕಾಣಲ್ಲ.

ಹಾಗಾದ್ರೆ ಏನ್ಮಾಡೋದು? ನನ್ನ ಪ್ರಕಾರ ಹಳ್ಳಿಯ ಹೋಂಸ್ಟೇ ಹುಡುಕೋದು ಒಳ್ಳೇದು. ಕಛ್‌ನ ಹೊಡ್ಕಾದಂಥ ಊರುಗಳಲ್ಲಿ 'ಭುಂಗಾ' ಅನ್ನೋ ದುಂಡಗಿನ ಮಣ್ಣಿನ ಮನೆಗಳಲ್ಲಿ ಪ್ರವಾಸಿಗಳನ್ನ ಉಳಿಸ್ಕೋತಾರೆ. ಜೈಸಲ್ಮೇರ್ ಹತ್ತಿರದ ಖೂಡಿಯಲ್ಲೂ ಹೋಂಸ್ಟೇಗಳಿವೆ. ಅಂಥ ಕಡೆ ರೂಮಿನ ಬದಲು ಅಂಗಳದಲ್ಲಿ ಗಾಡಿ ನಿಲ್ಲಿಸೋಕೆ, ಒಂದು ಪ್ಲಗ್‌ಗೆ, ಒಂದು ನಲ್ಲಿಗೆ, ಬಚ್ಚಲುಮನೆಗೆ ದುಡ್ಡು ಮಾತಾಡಿಕೊಳ್ಳಬೇಕು. ಮೊದಲೇ ಫೋನಲ್ಲಿ ಮಾತಾಡಿ. ರಾತ್ರಿ ಹತ್ತು ಗಂಟೆಗೆ ಹೋಗಿ ಜಾಗ ಹುಡುಕೋ ವಯಸ್ಸಲ್ಲ ಅವರದ್ದು.

ಇನ್ನೊಂದು ಎಚ್ಚರಿಕೆ. ಬಿಳಿ ರಣ್ ಫೋಟೊದಲ್ಲಿ ಸಿಮೆಂಟ್ ನೆಲದ ಥರ ಕಾಣುತ್ತೆ. ಅದು ಮಳೆಗಾಲದಲ್ಲಿ ನೀರು ನಿಂತು ಆರಿದ ಉಪ್ಪಿನ ಪದರ, ಕೆಳಗೆ ಕೆಸರಿರುತ್ತೆ. ಮೂರು ಟನ್ ಗಾಡಿ ಅದರ ಮೇಲೆ ಹತ್ತಿಸಿದ್ರೆ ಹೂತುಹೋಗುತ್ತೆ. ಜೈಸಲ್ಮೇರ್‌ನ ಮರಳು ದಿಬ್ಬಕ್ಕೂ ಇದೇ ಮಾತು. ಗಾಡಿ ಡಾಂಬರು ರಸ್ತೆ ಪಕ್ಕ ಇರಲಿ, ದಿಬ್ಬಕ್ಕೆ ನಡ್ಕೊಂಡು ಹೋಗಲಿ.

ಈಗ ನೀರು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರದ ಮಾನದಂಡ. ಇಬ್ಬರಿಗೆ 270. ವ್ಯಾನಿನ ಟ್ಯಾಂಕ್ 100 ಲೀಟರ್ ಅಂತಿಟ್ಕೊಳ್ಳಿ, ಮನೆಯ ಅಭ್ಯಾಸದಲ್ಲೇ ಬಳಸಿದ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ನಲ್ಲಿ ಗೊರಗೊರ ಅನ್ನುತ್ತೆ. ಒಬ್ಬರಿಗೆ 20 ಲೀಟರ್ ಅಂತ ಬಿಗಿ ಹಿಡಿದ್ರೆ ಎರಡೂವರೆ ದಿನ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ, ಪಾತ್ರೆ ತೊಳೆದ ನೀರನ್ನ ಗಿಡಕ್ಕೆ ಹಾಕಿದವರಿಗೆ ಇದು ಹೊಸದಲ್ಲ. ಜಾಸ್ತಿ ನೀರು ತುಂಬಿಸ್ಕೊಂಡ್ರೆ ಆಯ್ತಲ್ಲ ಅಂತೀರಾ? 100 ಲೀಟರ್ ಅಂದ್ರೆ 100 ಕೆ.ಜಿ. ಆ ಭಾರವನ್ನ ಟೈರು, ಬ್ರೇಕು ಎರಡೂ ಹೊರಬೇಕು.

ಕರೆಂಟಿನದ್ದೂ ಹೀಗೇ ಲೆಕ್ಕಾಚಾರ. 12 ವೋಲ್ಟಿನ 200 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸಿಗೋದು ಸುಮಾರು ಎರಡೂವರೆ ಯೂನಿಟ್. 1,500 ವ್ಯಾಟ್ ಇಂಡಕ್ಷನ್ ಒಲೆಯಲ್ಲಿ ಅರ್ಧ ಗಂಟೆ ಅಡುಗೆ ಮಾಡಿದ್ರೆ ಮುಕ್ಕಾಲು ಯೂನಿಟ್ ಹೋಯ್ತು. ಲೈಟು, ಫೋನು, ಸಣ್ಣ ಫ್ರಿಜ್ ಇದ್ರ ಮೇಲೆ. ಅಮ್ಮ ಇನ್ಸುಲಿನ್ ತಗೊಳ್ತಿದ್ರೆ ಆ ಫ್ರಿಜ್ ಬಂದ್ ಆಗೋ ಹಾಗಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ಅಂದ ಹಾಗೆ ಜೈಸಲ್ಮೇರ್‌ನಲ್ಲಿ ಡಿಸೆಂಬರ್ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತೆ. ಅಲ್ಲಿ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿರುತ್ತೆ ಅನ್ನೋ ಆಸೆ ಬಿಡಿ, ರವೆ ದೋಸೆಗೆ ಒಗ್ಗಿಕೊಳ್ಳಿ.

ಆ ಚಳಿಯ ಜೊತೆ ನಿಜವಾಗಿ ಜೀವಕ್ಕೆ ಅಪಾಯ ಆಗೋ ವಿಷಯ ಒಂದಿದೆ. ಕಿಟಕಿ ಮುಚ್ಚಿದ ವ್ಯಾನಿನೊಳಗೆ ಅಗ್ಗಿಷ್ಟಿಕೆ ಇಟ್ಕೊಂಡು, ಇಲ್ಲಾ ಗ್ಯಾಸ್ ಒಲೆ ಉರಿಸ್ಕೊಂಡು ಮಲಗೋದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ, ವಾಸನೆ ಯಾವುದೂ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತೆ. ಕಂಬಳಿ ಇನ್ನೆರಡು ಇರಲಿ. ಅದರ ಎಚ್ಚರಿಕೆ ಕೊಡೋ ಅಲಾರಂ ಸಿಗುತ್ತೆ, ಗಾಡಿಗೆ ಅದನ್ನ ನೀವೇ ತಂದು ಹಾಕಿಸಿ.

ಕಾಗದ-ಪತ್ರಕ್ಕೆ ಬರೋಣ. ಹಳೇ ಟೆಂಪೊ ಟ್ರಾವೆಲರ್ ತಗೊಂಡು, ಪರಿಚಯದ ಕಾರ್ಪೆಂಟರ್ ಹತ್ರ ಮಂಚ-ಅಡುಗೆಮನೆ ಮಾಡಿಸ್ಬಿಡೋಣ ಅನ್ನೋದು ಅಪ್ಪಂದಿರ ಮೊದಲ ಐಡಿಯಾ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅಡ್ಡ ಬರುತ್ತೆ. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನೋ ಪ್ರತ್ಯೇಕ ಮಾನದಂಡ ಇದೆ. ಅದರ ಪ್ರಕಾರ ಒಪ್ಪಿಗೆ ಪಡೆದ ಗಾಡಿಯನ್ನೇ ತಗೊಳ್ಳಿ, ಆರ್‌ಸಿಯಲ್ಲೂ ಹಾಗೇ ನಮೂದಾಗಿರಲಿ. ಇಲ್ಲದಿದ್ರೆ ಅಪಘಾತ ಆದಾಗ ವಿಮೆಯವರು ಮೊದಲು ಕೇಳೋದೇ ಅದು. ಕೆಎ-05 ನಂಬರ್ ಇಟ್ಕೊಂಡು ಗುಜರಾತ್‌ನಲ್ಲಿ ಮೂರು-ನಾಲ್ಕು ತಿಂಗಳು ಇದ್ರೆ ಮರುನೋಂದಣಿ ಬೇಕಿಲ್ಲ, ಅದು 12 ತಿಂಗಳು ದಾಟಿದ್ರೆ ಮಾತ್ರ. ವಾಪಸ್ ಬಂದ ಮೇಲೆ ಗಾಡಿ ಎಲ್ಲಿ ನಿಲ್ಲಿಸ್ತಾರೆ ಅನ್ನೋದನ್ನೂ ಕೇಳಿ. ಥರ್ಟಿ-ಫಾರ್ಟಿ ಸೈಟಿನ ಗೇಟಿನೊಳಗೆ ಹೋಗಲ್ಲ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಎತ್ತರ ಸಾಲಲ್ಲ. ಜಯನಗರದ ಮರದ ಕೊಂಬೆಗಳಂತೂ ಚಾವಣಿಯ ಸೋಲಾರ್ ಪ್ಯಾನೆಲ್‌ಗೆ ಕಾಯ್ತಾ ಇರ್ತವೆ.

ನಾನು ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡೋದು ಸ್ಟೇರಿಂಗ್ ಬಗ್ಗೆ. ಆ ತಲೆಮಾರಿನ ಎಷ್ಟೋ ಮನೆಗಳಲ್ಲಿ ಕಾರು ಓಡಿಸೋದು ಅಪ್ಪ ಒಬ್ಬರೇ. ಅಮ್ಮ ಗಾಂಧಿ ಬಜಾರಿಗೆ ಸ್ಕೂಟಿಯಲ್ಲಿ ಹೋಗಿ ಬಂದಿರ್ತಾರೆ, ಅಷ್ಟೆ. ಖಾವ್ಡಾ ಕಡೆ ಹೋದಾಗ ಅಪ್ಪನಿಗೆ ಎದೆನೋವು ಬಂದ್ರೆ? ದೊಡ್ಡಾಸ್ಪತ್ರೆ ಇರೋ ಭುಜ್ ಅಲ್ಲಿಂದ ಸುಮಾರು 70 ಕಿಲೋಮೀಟರ್. 108ಕ್ಕೆ ಫೋನ್ ಮಾಡಬಹುದು, ಮಾಡಲೇಬೇಕು. ಆದ್ರೆ ನೆಟ್‌ವರ್ಕ್ ಇಲ್ಲದ ಕಡೆ ಗಾಡಿಯನ್ನ ಹತ್ತು ಕಿಲೋಮೀಟರ್ ಆದ್ರೂ ಮುಂದೆ ತಗೊಂಡು ಹೋಗೋಕೆ ಅಮ್ಮನಿಗೆ ಬರಬೇಕು. "ಈ ವಯಸ್ಸಲ್ಲಿ ನಂಗ್ಯಾಕಪ್ಪಾ" ಅಂತಾರೆ, ಬಿಡಬೇಡಿ. ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು, ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತೆ. 40 ದಾಟಿದವರಿಗೆ 1ಎ ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಡಿಸೆಂಬರ್‌ಗೆ ಹೊರಡೋದಾದ್ರೆ ಜೂನ್‌ನಲ್ಲೇ ಶುರು ಮಾಡಿ. ಅಪ್ಪನ ಡಿಎಲ್ ಕೂಡ ತೆಗೆದು ನೋಡಿ. 55 ದಾಟಿದ ಮೇಲೆ ನವೀಕರಿಸಿದ್ರೆ ಐದೈದು ವರ್ಷಕ್ಕೆ ಮಾತ್ರ ಕೊಡ್ತಾರೆ. ದಾರಿ ಮಧ್ಯೆ ಮುಗಿದಿದ್ದು ಗೊತ್ತೇ ಆಗಿರಲ್ಲ.

ಪಿಂಚಣಿ ವಿಷಯ ಸುಲಭ ಆಗಿದೆ. ಸರ್ಕಾರಿ ಪಿಂಚಣಿದಾರರು ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕೆ ಬ್ಯಾಂಕಿನ ಕ್ಯೂನಲ್ಲಿ ನಿಲ್ಲೋಕೆ ಊರಲ್ಲೇ ಇರಬೇಕು ಅಂತ ಈಗಿಲ್ಲ. 2014ರಲ್ಲಿ ಬಂದ 'ಜೀವನ್ ಪ್ರಮಾಣ್' ಈಗ ಫೋನ್ ಕ್ಯಾಮೆರಾಗೆ ಮುಖ ತೋರಿಸಿದ್ರೆ ಆಗುತ್ತೆ. ಆ್ಯಪ್ ಇನ್‌ಸ್ಟಾಲ್ ಮಾಡಿ, ಹೊರಡೋ ಮೊದಲು ಮನೆಯಲ್ಲೇ ಒಂದ್ಸಲ ಮಾಡಿಸಿ ತೋರಿಸಿ.

ಲಕ್ಷಗಟ್ಟಲೆ ಸುರಿದು ಗಾಡಿ ತಗೊಳ್ಳೋಕಿಂತ ಮುಂಚೆ ಬಾಡಿಗೆಗೆ ಒಂದು ತಗೊಂಡು ಜನವರಿಯಲ್ಲಿ ಬಾದಾಮಿ, ವಿಜಯಪುರ ಕಡೆ ಐದು ರಾತ್ರಿ ಇದ್ದು ಬರಲಿ. ಬಿಸಿಲು, ಧೂಳು, ಒಣ ಗಾಳಿ ಎಲ್ಲ ಅಲ್ಲೇ ಸ್ವಲ್ಪ ಸ್ವಲ್ಪ ಸಿಗುತ್ತೆ. ಐದನೇ ದಿನ ಬೆಳಗ್ಗೆ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ, "ಇನ್ನೂ ಎರಡು ದಿನ ಇರ್ತೀರಾ?" ಅಂತ ಕೇಳಿ. ಅಮ್ಮನ ಉತ್ತರ ಬಂದ ಮೇಲೆ ಗಾಡಿಯ ಅಡ್ವಾನ್ಸ್ ಕೊಡಿ.